ಕೀರ್ತಿ ಕೆಂಪುಮನೆಗೆ, ದುಡಿಮೆ ಪಾದ್ರಿಮನೆಗೆ

ಕೀರ್ತಿಯ ವಿಷಯದಲ್ಲಿ ಲೋಕವು ಬಹು ಸೋಮಾರಿ. ಯಾರ ಹೆಸರು ಮೊದಲು ಕಿವಿಗೆ ಬಿತ್ತೋ ಅವರ ಕೊರಳಿಗೆ ಮಾಲೆ ಹಾಕಿ ತನ್ನ ಕರ್ತವ್ಯ ಮುಗಿಯಿತೆಂದು ಮನೆಗೆ ಹೋಗಿಬಿಡುತ್ತದೆ. ಆ ಮಾಲೆಗೆ ಹೂವು ಬೆಳೆದವರಾರು, ಕಟ್ಟಿದವರಾರು ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಸಾಹಿತ್ಯಚರಿತ್ರೆಯನ್ನು ಪಾಠ ಹೇಳುವವರಿಗೆ ಇದು ಹೊಸ ಮಾತಲ್ಲ. ವಾಸ್ತುಶಿಲ್ಪದ ಚರಿತ್ರೆಯೂ ಈ ಸೋಮಾರಿತನಕ್ಕೆ ಹೊರತಲ್ಲವೆಂಬುದನ್ನು ತೋರಿಸುವುದಕ್ಕಾಗಿ ಈ ಲೇಖನ.

ಇಂಗ್ಲೆಂಡಿನ ಮನೆಗಳನ್ನು ಕುರಿತ ಸಾಮಾನ್ಯ ಪುಸ್ತಕಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಈ ಕಾಲದ ಮನೆ ಹುಟ್ಟಿದ್ದು 1859ರಲ್ಲಂತೆ. ಹುಟ್ಟಿದ ಸ್ಥಳ ಲಂಡನ್ನಿಗೆ ಸಮೀಪದ ಬೆಕ್ಸ್‌ಲಿಹೀತ್. ಕಟ್ಟಿಸಿದವನು ಕವಿ ವಿಲಿಯಂ ಮಾರಿಸ್. ಕಟ್ಟಿದವನು ಅವನ ಗೆಳೆಯ ಫಿಲಿಪ್ ವೆಬ್. ಮನೆಯ ಹೆಸರು ರೆಡ್ ಹೌಸ್, ಅಂದರೆ ಕೆಂಪುಮನೆ. ಜರ್ಮನ್ ವಿದ್ವಾಂಸ ಹರ್ಮನ್ ಮುಥೇಸಿಯಸ್ ಇಂಗ್ಲಿಷ್ ಮನೆಗಳನ್ನು ಕುರಿತು 1904-05ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಆಧುನಿಕ ಮನೆಯ ಚರಿತ್ರೆಗೆ ಇದೇ ಮೊದಲ ಉದಾಹರಣೆಯೆಂದು ಸಾರಿದನು. 1936ರಲ್ಲಿ ನಿಕೋಲಸ್ ಪೆವ್ಸ್‌ನರ್ ಆಧುನಿಕ ಚಳವಳಿಯ ಮುಂದಾಳುಗಳನ್ನು ಕುರಿತು ಬರೆದಾಗ ತನ್ನ ಪುಸ್ತಕದ ಹೆಸರಿನಲ್ಲಿಯೇ ಮಾರಿಸ್‌ನನ್ನು ಆರಂಭಬಿಂದುವಾಗಿ ಇಟ್ಟನು. ಅಲ್ಲಿಂದೀಚೆಗೆ ಈ ಮಾತು ಗಿಳಿಪಾಠವಾಗಿದೆ.

ನಾನು ಇದನ್ನು ಒಪ್ಪುವುದಿಲ್ಲ. ಕೆಂಪುಮನೆ ಚೆಲುವಾದ ಮನೆ, ಅದರಲ್ಲಿ ವಿವಾದವಿಲ್ಲ. ಆದರೆ ಅದು ಮೊದಲನೆಯದಲ್ಲ. ಅದರ ಗುಣಗಳೆಂದು ಹೊಗಳುವ ಬಹುಪಾಲು ಅಂಶಗಳನ್ನು ಅದಕ್ಕಿಂತ ಐದಾರು ವರ್ಷ ಮುಂಚೆಯೇ ಯಾರ್ಕ್‌ಷೈರಿನ ಹಳ್ಳಿಗಾಡಿನಲ್ಲಿ ಇಟ್ಟಿಗೆಯ ಪಾದ್ರಿಮನೆಗಳು ಸಾಧಿಸಿದ್ದವು. ಅವು ಕವಿಯ ಮನೆಗಳಲ್ಲದ್ದರಿಂದ, ಹಳ್ಳಿಯ ದುಡಿಮೆಯ ಮನೆಗಳಾದ್ದರಿಂದ, ಅವುಗಳ ಹೆಸರು ತಜ್ಞರ ಗ್ರಂಥಗಳಾಚೆಗೆ ಹೋಗಲಿಲ್ಲ. ಅದೇ ಮನೆಗಳನ್ನು ಇಂದು ‘ಓಲ್ಡ್ ವಿಕರೇಜ್’ ಎಂಬ ಫಲಕ ತೂಗುಹಾಕಿ ಹಣವಂತರ ವಿಹಾರಕ್ಕೆ ಮಾರುತ್ತಿದ್ದಾರೆ. ಚರಿತ್ರಕಾರನ ಮರೆವು, ಮಾರಾಟಗಾರನ ಜಾಹೀರಾತು, ಎರಡಕ್ಕೂ ಬೇರು ಒಂದೇ: ಮನೆಯನ್ನು ನೋಡುವಾಗ ಅದರ ಕೆಲಸವನ್ನು ಮರೆಯುವುದು.

ಮೊದಲು ಈ ವಿಕರೇಜ್ ಎಂದರೇನೆಂಬುದು ಸ್ಪಷ್ಟವಾಗಲಿ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಓದಿದವರಿಗೆ 1766ರಲ್ಲಿ ಅಚ್ಚಾದ ಗೋಲ್ಡ್‌ಸ್ಮಿತ್ತನ ಕಾದಂಬರಿಯಿಂದ ವೇಕ್‌ಫೀಲ್ಡಿನ ವಿಕರ್ ಪರಿಚಿತನೇ. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಒಳಪಟ್ಟ ಊರುಕೇರಿ. ಅದರ ಪಾದ್ರಿಗೆ ಹಳೆಯ ಕಾಲದಲ್ಲಿ ರೈತರು ಬೆಳೆಯ ಹತ್ತರಲ್ಲೊಂದು ಪಾಲು ಕೊಡಬೇಕಾಗಿತ್ತು. ಧಾನ್ಯ ಮೊದಲಾದ ದೊಡ್ಡ ದಶಮಾಂಶವೂ ಸಲ್ಲುತ್ತಿದ್ದ ಪಾದ್ರಿ ರೆಕ್ಟರ್. ಅದು ಮಠಕ್ಕೋ ಭೂಮಾಲಿಕನಿಗೋ ಹೋಗಿ, ಸಣ್ಣಪುಟ್ಟ ಉತ್ಪತ್ತಿಯ ಪಾಲು ಮಾತ್ರ ದಕ್ಕುತ್ತಿದ್ದವನು ವಿಕರ್. ಅವನು ಇರತಕ್ಕ ಮನೆಯೇ ವಿಕರೇಜ್. ಇಂಗ್ಲಿಷ್ ಸಾಹಿತ್ಯಕ್ಕೆ ಇಂಥ ಪಾದ್ರಿಮನೆಗಳ ಋಣ ಬಹಳವಿದೆ. ಜೇನ್ ಆಸ್ಟಿನ್ 1775ರಲ್ಲಿ ಹುಟ್ಟಿದ್ದು ಸ್ಟೀವಂಟನ್ನಿನ ಪಾದ್ರಿಮನೆಯಲ್ಲಿ. ಟೆನಿಸನ್ 1809ರಲ್ಲಿ ಸೋಮರ್ಸ್‌ಬಿಯ ಪಾದ್ರಿಮನೆಯಲ್ಲಿ. ಬ್ರಾಂಟೆ ಸೋದರಿಯರು ಬೆಳೆದದ್ದು ಹಾವರ್ತಿನ ಕಲ್ಲುಮನೆಯಲ್ಲಿ. ಕವಿತೆಯನ್ನೂ ಕಾದಂಬರಿಯನ್ನೂ ನಾವು ಓದಿದೆವು. ಮನೆಯನ್ನು ಮಾತ್ರ ಕಣ್ಣೆತ್ತಿ ನೋಡಲಿಲ್ಲ.

ಈ ಮನೆಗಳ ಒಂದು ವಿಶೇಷವನ್ನು ಓದುಗರು ಗಮನಿಸಬೇಕು. ಪಾದ್ರಿ ಅಲ್ಲಿ ವಾಸಿಸುತ್ತಿದ್ದನೇ ಹೊರತು ಮನೆ ಅವನ ಕುಟುಂಬದ ಆಸ್ತಿಯಾಗಿರಲಿಲ್ಲ. ಮನೆ ಹುದ್ದೆಗೆ ಸೇರಿದ್ದು. ಹುದ್ದೆ ಬಿಟ್ಟರೆ ಮನೆ ಬಿಡಬೇಕು. ಅವನು ಸತ್ತರೆ ಹೆಂಡತಿ ಮಕ್ಕಳು ಬೇರೆ ಸೂರು ಹುಡುಕಿಕೊಳ್ಳಬೇಕು. ಬಿಟ್ಟುಹೋಗುವಾಗ ಮನೆ ಜೀರ್ಣವಾಗಿದ್ದರೆ ದುರಸ್ತಿಯ ವೆಚ್ಚವನ್ನು ಅವನೇ ತೆರಬೇಕು. ಅವನಿಲ್ಲವಾದರೆ ವಾರಸುದಾರರು ತೆರಬೇಕು. ಇಂಥ ನಿಯಮಕ್ಕೆ ಒಳಗಾದವನು ಮನೆ ಕಟ್ಟಿಸುವಾಗ ಶೋಕಿ ಮಾಡಲಾರ. ಗೋಡೆ ಬಿರುಕು ಬಿಡಬಾರದು, ಮಾಡು ಸೋರಬಾರದು, ಮುಂದೆ ಬರುವವನು ಶಪಿಸಬಾರದು, ಇಷ್ಟೇ ಅವನ ಆಸೆ. ತನ್ನದಲ್ಲದ ಮನೆಯನ್ನು, ತಾನು ಕಾಣದವರಿಗಾಗಿ ಕಟ್ಟಿಸುವವನ ಈ ಎಚ್ಚರಿಕೆಯೇ ಪಾದ್ರಿಮನೆಯ ವಾಸ್ತುವಿಗೆ ಮೊದಲ ಗುರು.

ಇಟ್ಟಿಗೆಯನ್ನು ಆರಿಸಿಕೊಂಡದ್ದಕ್ಕೂ ಇಂಥ ಎಚ್ಚರಿಕೆಯೇ ಕಾರಣ. ಕಲ್ಲು ಸಿಗುವ ಕಡೆ ಕಲ್ಲು, ಜೇಡಿಮಣ್ಣು ಸಿಗುವ ಕಡೆ ಇಟ್ಟಿಗೆ ಎಂಬುದು ಹಳ್ಳಿಯ ಸಹಜನ್ಯಾಯ. ಅದರ ಮೇಲೆ ಬೆಂಕಿಯ ಭಯ ಬೇರೆ. ಮೈಸೂರಿನ ವೆಸ್ಲಿ ಪ್ರೆಸ್ಸಿನಿಂದಾಗಿ ಹೆಸರಾದರೂ ನಮ್ಮ ಓದುಗರಿಗೆ ಗೊತ್ತಿರುವ ಜಾನ್ ವೆಸ್ಲಿಯ ಬಾಲ್ಯವನ್ನು ನೆನೆಯೋಣ. ಲಿಂಕನ್‌ಷೈರಿನ ಎಪ್‌ವರ್ತ್ ಎಂಬ ಊರಿನಲ್ಲಿ ಅವನ ತಂದೆ ರೆಕ್ಟರ್ ಆಗಿದ್ದನು. ಮನೆ ಮರ ಮಣ್ಣು ಹುಲ್ಲುಗಳದು. 1709ರ ಫೆಬ್ರವರಿ 9ರ ರಾತ್ರಿ ಅದಕ್ಕೆ ಬೆಂಕಿ ಬಿತ್ತು. ಐದು ವರ್ಷದ ಜಾನನನ್ನು ಮಹಡಿಯ ಕಿಟಕಿಯಿಂದ ಇಳಿಸಿಕೊಂಡು ಊರವರು ಉಳಿಸಿದರು. ಅದೇ ವರ್ಷ ಮನೆಯನ್ನು ಇಟ್ಟಿಗೆಯಲ್ಲಿ ಹೊಸದಾಗಿ ಕಟ್ಟಿದರು. ಆ ಮನೆ ಮುನ್ನೂರು ವರ್ಷ ದಾಟಿ ಇಂದಿಗೂ ನಿಂತಿದೆ, 1957ರಿಂದ ವಸ್ತುಸಂಗ್ರಹಾಲಯವಾಗಿದೆ. ಇಟ್ಟಿಗೆ ಒಮ್ಮೆ ಬೆಂಕಿಯಲ್ಲಿ ಬೆಂದದ್ದು. ಮತ್ತೆ ಬೆಂಕಿಗೆ ಅಷ್ಟಾಗಿ ಹೆದರಬೇಕಾದದ್ದಿಲ್ಲ. ಅದನ್ನು ಆರಿಸಿದ್ದು ರಸಿಕತೆಯಿಂದಲ್ಲ, ಸುಟ್ಟ ಕೈಯ ವಿವೇಕದಿಂದ.

ಆದರೆ ಇಟ್ಟಿಗೆಯ ಮೇಲೂ ಸರಕಾರದ ಕಣ್ಣು ಬಿತ್ತು. ಅಮೆರಿಕದ ಯುದ್ಧದಿಂದ ಬರಿದಾದ ಬೊಕ್ಕಸವನ್ನು ತುಂಬಿಸುವುದಕ್ಕಾಗಿ 1784ರಲ್ಲಿ ಸಾವಿರ ಇಟ್ಟಿಗೆಗೆ ಇಷ್ಟೆಂದು ತೆರಿಗೆ ಹಾಕಿದರು. ತೆರಿಗೆ ಎಣಿಕೆಯ ಮೇಲಾದ್ದರಿಂದ ಕೆಲವರು ಇಟ್ಟಿಗೆಯ ಗಾತ್ರವನ್ನೇ ಹಿಗ್ಗಿಸಿದರು. ಸರಕಾರ ದೊಡ್ಡ ಇಟ್ಟಿಗೆಗೆ ಹೆಚ್ಚಿನ ತೆರಿಗೆ ಹಾಕಿತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರಿದಂತೆ! ಕಿಟಕಿಗಳ ಮೇಲೆ 1696ರಿಂದಲೇ ತೆರಿಗೆಯಿತ್ತು. ಗಾಜಿನ ಮೇಲೆ ಪ್ರತ್ಯೇಕ ಸುಂಕವಿತ್ತು. ಗಾಜಿನ ಸುಂಕ 1845ರಲ್ಲಿ, ಇಟ್ಟಿಗೆಯ ತೆರಿಗೆ 1850ರಲ್ಲಿ, ಕಿಟಕಿಯ ತೆರಿಗೆ 1851ರಲ್ಲಿ ರದ್ದಾದುವು. ಆರು ವರ್ಷಗಳೊಳಗೆ ಗೋಡೆ, ಗಾಜು, ಗವಾಕ್ಷ ಮೂರಕ್ಕೂ ಬಿಡುಗಡೆಯಾಯಿತು. ಇದಾದ ಮೇಲೆ ಕಟ್ಟುವವನು ಕೋಣೆಗೆ ಬೆಳಕು ಎಲ್ಲಿ ಬೇಕೋ ಅಲ್ಲಿ ಕಿಟಕಿ ಇಡಬಹುದಾಗಿತ್ತು. ಸೌಂದರ್ಯದ ಚರಿತ್ರೆಯನ್ನು ಬರೆಯುವವರು ತೆರಿಗೆಯ ಕಾಯಿದೆಗಳನ್ನೂ ಸ್ವಲ್ಪ ಓದಿದರೆ ನಷ್ಟವೇನೂ ಆಗದು.

ಇನ್ನು ಕಟ್ಟಿಸುವ ಒತ್ತಾಯ ಎಲ್ಲಿಂದ ಬಂತು? ಬಡ ಪಾದ್ರಿಗಳ ವರಮಾನಕ್ಕೆ ಆಸರೆಯಾಗಲೆಂದು 1704ರಲ್ಲಿ ಆನ್ ರಾಣಿಯ ಹೆಸರಿನಲ್ಲಿ ಒಂದು ನಿಧಿ ಏರ್ಪಟ್ಟಿತ್ತು. 1776ರ ಕಾಯಿದೆಯೊಂದು ಪಾದ್ರಿಯು ಹುದ್ದೆಯ ವರಮಾನವನ್ನು ಆಧಾರವಿಟ್ಟು ಮನೆಗಾಗಿ ಸಾಲ ತೆಗೆಯಲು ಅವಕಾಶ ಕೊಟ್ಟಿತು. ಅಷ್ಟಾದರೂ ಹಲವು ಪಾದ್ರಿಗಳು ಎರಡು ಮೂರು ಊರುಗಳ ವರಮಾನ ತಿನ್ನುತ್ತ ಯಾವುದೋ ಪಟ್ಟಣದಲ್ಲಿ ಹಾಯಾಗಿದ್ದರು. ಹಳ್ಳಿಯಲ್ಲಿ ಕಡಮೆ ಸಂಬಳದ ಸಹಾಯಕನೊಬ್ಬ ಪ್ರಾರ್ಥನೆ ಹೇಳಿ ಮುಗಿಸುತ್ತಿದ್ದನು. 1838ರ ಕಾಯಿದೆ ಈ ಚಾಳಿಗೆ ಕಡಿವಾಣ ಹಾಕಿತು. ಪಾದ್ರಿ ಊರಿನಲ್ಲಿಯೇ ಇರಬೇಕು. ತಕ್ಕ ಮನೆಯಿಲ್ಲದಿದ್ದರೆ ಬಿಷಪ್ಪನೇ ವರಮಾನದ ಮೇಲೆ ಸಾಲ ಎತ್ತಿಸಿ ಕಟ್ಟಿಸಬಹುದು ಎಂದಾಯಿತು. ಹಳ್ಳಿ ಹಳ್ಳಿಗಳಲ್ಲಿ ಹೊಸ ಪಾದ್ರಿಮನೆಗಳು ಎದ್ದುವು. ಇವು ವಿಹಾರಗೃಹಗಳಲ್ಲ, ಇಲ್ಲದವನನ್ನು ಹಿಡಿದು ತಂದು ಕೆಲಸದ ಜಾಗದಲ್ಲಿ ಕೂರಿಸಿದ ಮನೆಗಳು.

ಹೀಗೆ ಎದ್ದ ಮನೆಗಳ ನಡುವೆ ನಾನು ಮುಖ್ಯವಾಗಿ ವಾದಿಸಬೇಕೆಂದಿರುವುದು ಮೂರನ್ನು ಕುರಿತು. ಯಾರ್ಕ್‌ಷೈರಿನಲ್ಲಿ ಐರ್ ನದಿಯ ದಕ್ಷಿಣದ ಸಮತಟ್ಟಾದ ನೆಲದಲ್ಲಿ ಕೋವಿಕ್, ಪಾಲಿಂಗ್‌ಟನ್, ಹೆನ್ಸಲ್ ಎಂಬ ಮೂರು ಹಳ್ಳಿಗಳಿವೆ. ಕೋವಿಕ್‌ನಲ್ಲಿ ಮಧ್ಯಯುಗದಲ್ಲಿಯೇ ಕುಂಬಾರರ ಆವಿಗೆಗಳು ಉರಿಯುತ್ತಿದ್ದವು. ಪಾಲಿಂಗ್‌ಟನ್ನಿನ ಪಕ್ಕದಲ್ಲಿ 1826ರಲ್ಲಿ ತೆರೆದ ಕಾಲುವೆ ಹರಿಯುತ್ತದೆ. ಇಲ್ಲಿನ ಭೂಮಾಲಿಕನಾದ ವೈಕೌಂಟ್ ಡೌನ್ 1853-54ರಲ್ಲಿ ಮೂರು ಊರುಗಳಿಗೂ ಒಂದೊಂದು ಚರ್ಚು, ಒಂದೊಂದು ಶಾಲೆ, ಒಂದೊಂದು ಪಾದ್ರಿಮನೆಯನ್ನು ಕಟ್ಟಿಸಿದನು. ಶಿಲ್ಪಿ ವಿಲಿಯಂ ಬಟರ್‌ಫೀಲ್ಡ್. ಇವನು 1814ರಲ್ಲಿ ಹುಟ್ಟಿ 1900ರಲ್ಲಿ ತೀರಿಕೊಂಡವನು. ಲಂಡನ್ನಿನ ಮಾರ್ಗರೆಟ್ ಸ್ಟ್ರೀಟಿನಲ್ಲಿ ಬಣ್ಣಬಣ್ಣದ ಇಟ್ಟಿಗೆಯ ಪಟ್ಟೆಗಳಿಂದ ಜನರನ್ನು ಬೆಚ್ಚಿಬೀಳಿಸಿದ ಆಲ್ ಸೇಂಟ್ಸ್ ಚರ್ಚನ್ನು ಅದೇ ವರ್ಷಗಳಲ್ಲಿ ಕಟ್ಟುತ್ತಿದ್ದನು. ಅಲ್ಲಿ ಅಷ್ಟು ಗರ್ಜಿಸಿದ ಕೈ ಹಳ್ಳಿಯ ಪಾದ್ರಿಮನೆಗೆ ಬಂದಾಗ ಎಷ್ಟು ಮೆಲ್ಲನೆ ಮಾತನಾಡಿತೆಂಬುದೇ ನೋಡತಕ್ಕ ಸಂಗತಿ.

ಈ ಮನೆಗಳಲ್ಲಿ ಕೆಂಪು ಇಟ್ಟಿಗೆಯ ಗೋಡೆಗೆ ಸುಣ್ಣಗಾರೆಯ ಮುಸುಕಿಲ್ಲ. ಕಡಿದಾದ ಮಾಡು, ಅದರ ತುದಿಯನ್ನು ಕೆಲವೆಡೆ ಸ್ವಲ್ಪ ಕತ್ತರಿಸಿ ಒಳಗೆ ಬಾಗಿಸಿರುತ್ತದೆ. ಹೊಗೆಗೂಡುಗಳು ದಪ್ಪವಾಗಿ, ನೇರವಾಗಿ, ತಾವು ಹೊಗೆಗೂಡುಗಳೆಂಬುದನ್ನು ಅಡಗಿಸದೆ ಎದ್ದಿವೆ. ಕಿಟಕಿಯ ಮೇಲೆ ಭಾರ ಹೊರುವುದಕ್ಕೆ ಇಟ್ಟಿಗೆಯ ತಗ್ಗಾದ ಕಮಾನು. ಕಿಟಕಿಗೆ ಮೇಲಕ್ಕೂ ಕೆಳಕ್ಕೂ ಸರಿಯುವ ಸಾಮಾನ್ಯ ಚೌಕಟ್ಟು. ಮಧ್ಯಯುಗದ ಗಾಥಿಕ್ ಶೈಲಿಯೇ ದೈವಿಕವೆಂದು ವಾದಿಸುತ್ತಿದ್ದ ಜನರ ನಡುವೆ ಇದ್ದವನು ಹದಿನೆಂಟನೆಯ ಶತಮಾನದ ಈ ಸರಿಯುವ ಕಿಟಕಿಯನ್ನು ಸಂಕೋಚವಿಲ್ಲದೆ ಬಳಸಿದನು. ಏಕೆ? ಅದು ಅನುಕೂಲವಾಗಿತ್ತು, ಅಷ್ಟೆ. ಎಡಗಡೆ ಎಷ್ಟು ಕಿಟಕಿಯೋ ಬಲಗಡೆಯೂ ಅಷ್ಟೇ ಇರಬೇಕೆಂಬ ಹಟವಿಲ್ಲ. ಮೆಟ್ಟಿಲಿದ್ದಲ್ಲಿ ಅದಕ್ಕೆ ತಕ್ಕ ಕಿಟಕಿ, ಅಡುಗೆಮನೆಗೆ ಅದಕ್ಕೆ ತಕ್ಕದ್ದು, ಓದುವ ಕೋಣೆಗೆ ಅದಕ್ಕೆ ತಕ್ಕದ್ದು. ಮನೆಯ ಹೊರಮೈಯನ್ನು ಒಳಗಿನ ಬಾಳು ಬರೆದಿದೆ. ಆಭರಣ ಬೇಕೆಂದರೆ ಇಟ್ಟಿಗೆಯ ಉದ್ದಮುಖ ಅಡ್ಡಮುಖಗಳ ಜೋಡಣೆಯೇ ಆಭರಣ.

ಈ ತತ್ತ್ವವನ್ನು ಬಟರ್‌ಫೀಲ್ಡ್ ತಾನೇ ಕಂಡುಹಿಡಿದನೆಂದು ನಾನು ಹೇಳುವುದಿಲ್ಲ. ಹೇಳಿದರೆ ನಾನು ಆಕ್ಷೇಪಿಸುವ ದೋಷವನ್ನೇ ನಾನೂ ಮಾಡಿದಂತಾಗುತ್ತದೆ. ಅನುಕೂಲಕ್ಕೆ, ಕಟ್ಟುವ ಕ್ರಮಕ್ಕೆ, ಔಚಿತ್ಯಕ್ಕೆ ಬೇಡವಾದ ಯಾವ ಅಂಗವೂ ಕಟ್ಟಡದಲ್ಲಿರಬಾರದೆಂದು 1841ರಲ್ಲಿಯೇ ಪ್ಯೂಜಿನ್ ಬರೆದಿದ್ದನು. ಔಚಿತ್ಯವೆಂದರೇನೆಂಬುದನ್ನು ಕಾವ್ಯಮೀಮಾಂಸೆ ಓದಿದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಪ್ಯೂಜಿನ್ ಸೂತ್ರ ಕೊಟ್ಟನು. ತನಗಾಗಿ ಮನೆಗಳನ್ನೂ ಕಟ್ಟಿಕೊಂಡನು. ಬಟರ್‌ಫೀಲ್ಡ್ ಆ ಸೂತ್ರವನ್ನು ಹಳ್ಳಿಯ ಮಣ್ಣಿಗೆ, ಹಳ್ಳಿಯ ಪಾದ್ರಿಯ ದಿನಚರಿಗೆ ಇಳಿಸಿ, ಅದರಲ್ಲಿದ್ದ ಮಧ್ಯಯುಗದ ವೇಷವನ್ನು ಕಳಚಿ, ಬರಿಯ ಮನೆಯಾಗಿ ನಿಲ್ಲಿಸಿದನು.

ಈಗ ಕೆಂಪುಮನೆಯ ಕಡೆ ತಿರುಗೋಣ. ಕೆಂಪು ಇಟ್ಟಿಗೆ, ಕಡಿದಾದ ಮಾಡು, ದಪ್ಪ ಹೊಗೆಗೂಡು, ಕಮಾನಿನ ಕೆಳಗೆ ಸರಿಯುವ ಕಿಟಕಿ, ಒಳಗಿನ ಕೋಣೆಗೆ ಅನುಸಾರವಾದ ಹೊರಮೈ, ಎಡಬಲಗಳ ಸಮತೆಯನ್ನು ಲೆಕ್ಕಿಸದ ಜೋಡಣೆ. ಹೊಸತೆಂದು ಹೊಗಳಿದ್ದು ಇವನ್ನೇ ಅಲ್ಲವೆ? ಇವು ವೆಬ್‌ಗೆ ಆಕಾಶದಿಂದ ಇಳಿದುಬರಲಿಲ್ಲ. ಅವನು ಆಕ್ಸ್‌ಫರ್ಡಿನಲ್ಲಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಎಂಬ ಶಿಲ್ಪಿಯ ಕಚೇರಿಯಲ್ಲಿ ಕೆಲಸ ಮಾಡಿದವನು. ಮಾರಿಸ್‌ಗೂ ಅವನಿಗೂ 1856ರಲ್ಲಿ ಸ್ನೇಹವಾದದ್ದು ಆ ಕಚೇರಿಯಲ್ಲಿಯೇ. ಸ್ಟ್ರೀಟ್ ಪಾದ್ರಿಮನೆಗಳನ್ನೂ ಹಳ್ಳಿಶಾಲೆಗಳನ್ನೂ ಕಟ್ಟುವುದರಲ್ಲಿ ನುರಿತವನು. ಮೇಡನ್‌ಹೆಡ್ಡಿನ ಬಾಯ್ನ್ ಹಿಲ್ಲಿನಲ್ಲಿ 1854ರಿಂದ ಚರ್ಚು, ಪಾದ್ರಿಮನೆ, ಶಾಲೆಗಳನ್ನು ಒಟ್ಟಾಗಿ ಕೆಂಪು ಇಟ್ಟಿಗೆಯಲ್ಲಿ ಎಬ್ಬಿಸಿದವನು. ಇಟಲಿಯ ಇಟ್ಟಿಗೆ ಕಟ್ಟಡಗಳನ್ನು ಕುರಿತು 1855ರಲ್ಲಿ ಪುಸ್ತಕ ಬರೆದವನು. ಬಟರ್‌ಫೀಲ್ಡನ ಕೆಲಸವನ್ನೂ ವೆಬ್ ಮೆಚ್ಚಿಕೊಂಡಿದ್ದನು. ಹೀಗಿರುವಾಗ ಕೆಂಪುಮನೆಯನ್ನು ತಾಯಿಯಿಲ್ಲದ ಕೂಸಿನಂತೆ ಚಿತ್ರಿಸುವುದು ನ್ಯಾಯವೇ? ಅದು ಪಾದ್ರಿಮನೆಯ ಮಗಳು. ಶ್ರೀಮಂತನ ಕೈಹಿಡಿದು ಪಟ್ಟಣದ ಅಂಚಿಗೆ ಬಂದವಳು.

ಶ್ರೀಮಂತನೆಂದು ಸುಮ್ಮನೆ ಹೇಳಲಿಲ್ಲ. ಮಾರಿಸ್‌ನಿಗೆ ಆಗ ಇಪ್ಪತ್ತೈದು ವರ್ಷ. ತಾಮ್ರದ ಗಣಿಯ ಷೇರುಗಳಿಂದ ವರಮಾನ ಬರುತ್ತಿತ್ತು. ತನಗೂ ಗೆಳೆಯರಿಗೂ ಒಪ್ಪುವಂತೆ ಮನೆ ಕಟ್ಟಿಸಿದನು. ಮುಖ್ಯ ಕೋಣೆಗಳು ಉತ್ತರಕ್ಕೆ ಮುಖಮಾಡಿ ಚಳಿಗಾಲದಲ್ಲಿ ತಣ್ಣಗಾದುವು. 1865ರಲ್ಲಿ ಮನೆ ಬಿಟ್ಟು ಹೋದನು. ಇದ್ದದ್ದು ಐದು ವರ್ಷ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಬ್ಬನ ರುಚಿಗೆ ಕಟ್ಟಿದ ಮನೆಯನ್ನು ಇಡೀ ಯುಗದ ಮನೆಯೆಂದು ಕರೆದು, ಬರುವವರೆಲ್ಲರ ಉಪಯೋಗಕ್ಕೆ ಕಟ್ಟಿದ್ದನ್ನು ಅಡಿಟಿಪ್ಪಣಿಗೆ ತಳ್ಳುವುದು ಮಾತ್ರ ತಪ್ಪು. ಪಾಲ್ ಥಾಮ್ಸನ್ 1971ರಲ್ಲಿ ಬಟರ್‌ಫೀಲ್ಡನನ್ನು ಕುರಿತು ವಿಸ್ತಾರವಾದ ಗ್ರಂಥ ಬರೆದ ಮೇಲೆ ವಿದ್ವಾಂಸರಿಗೆ ಈ ಮನೆಗಳು ತಿಳಿಯವೆನ್ನುವಂತಿಲ್ಲ. ತಿಳಿದೂ ಗಿಳಿಪಾಠ ನಿಲ್ಲಲಿಲ್ಲ. ಕೆಂಪುಮನೆ 2003ರಲ್ಲಿ ನ್ಯಾಷನಲ್ ಟ್ರಸ್ಟಿನ ಕೈಸೇರಿ ಯಾತ್ರಾಸ್ಥಳವಾಗಿದೆ. ಹೆನ್ಸಲ್ಲಿನ ಹೆಸರು ಕೇಳಿದವರೆಷ್ಟು ಮಂದಿ?

ಇಲ್ಲಿ ಕೆಲವರು ಕೇಳಬಹುದು: “ಸ್ವಾಮಿ, ಐದು ವರ್ಷ ಹಿಂದೆಯೋ ಮುಂದೆಯೋ, ಅದರಿಂದ ಆಗತಕ್ಕದ್ದೇನು?” ವರ್ಷದ ಲೆಕ್ಕ ನನಗೂ ಮುಖ್ಯವಲ್ಲ. ಆಗತಕ್ಕದ್ದು ಇಷ್ಟು: ಆಧುನಿಕ ಮನೆ ಕವಿಯ ಕನಸಿನಿಂದ ಹುಟ್ಟಿತೆಂದರೆ ಒಳ್ಳೆಯ ಮನೆ ರಸಿಕರ ಸೊತ್ತಾಗುತ್ತದೆ. ಪಾದ್ರಿಮನೆಯಿಂದ ಹುಟ್ಟಿತೆಂದರೆ, ಕೆಲಸವನ್ನು ಸರಿಯಾಗಿ ತಿಳಿದು ಕಟ್ಟಿದ ಯಾವ ಮನೆಯೂ ಚೆಲುವಾಗಬಲ್ಲುದೆಂದು ಸಿದ್ಧವಾಗುತ್ತದೆ. ಮೊದಲನೆಯ ಮಾತು ಬಡವನ ಬಾಗಿಲು ಮುಚ್ಚುತ್ತದೆ, ಎರಡನೆಯದು ತೆರೆಯುತ್ತದೆ.

ಆ ಕೆಲಸವಾದರೂ ಎಂಥದು? ಪಾದ್ರಿಮನೆ ಮನೆಯೂ ಹೌದು, ಕಚೇರಿಯೂ ಹೌದು. ಮದುವೆಯ ದಿನ ಗೊತ್ತುಮಾಡಲು, ಸಾವಿನ ಸುದ್ದಿ ಹೇಳಲು, ದಾಖಲೆ ಕೇಳಲು, ಕಷ್ಟ ತೋಡಿಕೊಳ್ಳಲು ಊರವರು ಬರುತ್ತಿದ್ದರು. ಆದ್ದರಿಂದ ಪಾದ್ರಿಯ ಓದುವ ಕೋಣೆಯನ್ನು ಮುಂಬಾಗಿಲ ಹತ್ತಿರವೇ ಇಡುವುದು ಇಂಥ ಮನೆಗಳ ರೂಢಿಯಾಯಿತು. ಕೆಲವು ಮನೆಗಳಲ್ಲಿ ಅದಕ್ಕೆ ಬೇರೆ ಬಾಗಿಲನ್ನೇ ಇಟ್ಟರು. ಕೆಸರು ಮೆತ್ತಿದ ಬೂಟಿನ ಕೂಲಿಯವನು ಹೆಂಗಸರು ಮಕ್ಕಳಿರುವ ಕೋಣೆಗಳನ್ನು ಹಾಯದೆ ನೇರವಾಗಿ ಪಾದ್ರಿಯ ಮುಂದೆ ಕೂರಬಹುದು. ಬಂದವನಿಗೂ ಸಂಕೋಚವಿಲ್ಲ, ಮನೆಯವರಿಗೂ ತೊಂದರೆಯಿಲ್ಲ. ಹೊರಗಿನವರನ್ನು ಒಳಗೆ ಬಿಟ್ಟುಕೊಂಡೂ ಸಂಸಾರದ ಮರ್ಯಾದೆಯನ್ನು ಕಾಯುವುದು ಹೇಗೆಂಬುದು ಇಡೀ ನಕ್ಷೆಯ ಪ್ರಶ್ನೆ. ಕೋಣೆಗಳ ಕ್ರಮ, ಕಿಟಕಿಗಳ ಸ್ಥಾನ, ಗೋಡೆಗಳ ತಿರುವು, ಎಲ್ಲವೂ ಆ ಪ್ರಶ್ನೆಗೆ ಕೊಟ್ಟ ಉತ್ತರ.

ಇಷ್ಟು ಹೇಳಿ ಪಾದ್ರಿಮನೆಯನ್ನು ಋಷ್ಯಾಶ್ರಮ ಮಾಡಿಬಿಟ್ಟೆನೆಂದು ಯಾರೂ ತಿಳಿಯಬಾರದು. ಅಲ್ಲಿ ಹಿಂದಿನ ಮೆಟ್ಟಿಲೂ ಇತ್ತು. ಆಳುಕಾಳುಗಳು ಕಣ್ಣಿಗೆ ಬೀಳದೆ ಓಡಾಡಲೆಂದು. ಪಾದ್ರಿ ದೊಡ್ಡಮನುಷ್ಯರ ವರ್ಗಕ್ಕೆ ಸೇರಿದವನೆಂಬುದನ್ನು ಮನೆಯ ಗಾತ್ರವೇ ಸಾರುತ್ತಿತ್ತು. ಪಕ್ಕದ ಕೂಲಿಯವನ ಗುಡಿಸಿನೊಡನೆ ಅದನ್ನು ಹೋಲಿಸಿದರೆ ಹೊಟ್ಟೆಯಲ್ಲಿ ಸಂಕಟವಾದೀತು. ಎಷ್ಟೋ ಕಡೆ ಆ ಮನೆಯ ಹಿಂದೆ ರೈತನ ದಶಮಾಂಶದ ಹಣವಿತ್ತು. 1836ರ ಕಾಯಿದೆ ಧಾನ್ಯದ ಬದಲು ಹಣವೆಂದು ಮಾರ್ಪಡಿಸಿತೇ ಹೊರತು ಭಾರವನ್ನು ಇಳಿಸಲಿಲ್ಲ. ಯಾರ್ಕ್‌ಷೈರಿನ ಆ ಮೂರು ಹಳ್ಳಿಗಳಲ್ಲಿಯೂ ಕಟ್ಟಿಸಿದವನು ಭೂಮಾಲಿಕ. ಅವನ ಗೇಣಿಯ ಹಣ ಯಾರ ಬೆವರೆಂದು ಕೇಳಬಾರದೇಕೆ? ಕೇಳಲೇಬೇಕು. ಕೇಳಿದಾಗ ಬರುವ ಉತ್ತರವೇ ನನ್ನ ವಾದಕ್ಕೆ ಬಲ ಕೊಡುತ್ತದೆ. ಊರಿನ ದುಡಿಮೆಯಿಂದ ಎದ್ದ ಮನೆಗೆ ಊರಿನ ಬಗ್ಗೆ ಒಂದು ಹೊಣೆಯಿತ್ತು. ಆ ಋಣದ ಗುರುತೇ ಮುಂಬಾಗಿಲ ಪಕ್ಕದ ಆ ಕೋಣೆ.

ಎರಡನೆಯ ಮಹಾಯುದ್ಧದ ತರುವಾಯ ಈ ಮನೆಗಳ ಕಥೆ ತಿರುಗಿತು. ಆಳುಗಳು ಸಿಗಲಿಲ್ಲ; ಕಲ್ಲಿದ್ದಲು ದುಬಾರಿ; ಪಾದ್ರಿಗಳ ವರಮಾನ ಬೆಲೆಯೇರಿಕೆಯ ಮುಂದೆ ಕುಗ್ಗಿತು. ಆನ್ ರಾಣಿಯ ನಿಧಿ 1948ರಲ್ಲಿ ಚರ್ಚ್ ಕಮಿಷನರುಗಳ ಆಡಳಿತದಲ್ಲಿ ಲೀನವಾಯಿತು. ಊರುಗಳನ್ನು ಕೂಡಿಸಿ ಹಲವಕ್ಕೆ ಒಬ್ಬನೇ ಪಾದ್ರಿಯೆಂದು ಮಾಡುತ್ತ ಹೋದರು. ದೊಡ್ಡ ಹಳೆಯ ಮನೆಗಳನ್ನು ಮಾರಿ ಚಿಕ್ಕ ಹೊಸ ಮನೆಗಳನ್ನು ಕಟ್ಟಿದರು. ಗಾಳಿ ನುಗ್ಗುವ ಹನ್ನೆರಡು ಕೋಣೆಯ ಮನೆಯಲ್ಲಿ ನಡುಗುತ್ತ ಮಕ್ಕಳನ್ನು ಬೆಳೆಸಿದ ಪಾದ್ರಿಯ ಹೆಂಡತಿಗೆ ಹೊಸ ಮನೆ ವರವಾಗಿಯೇ ಕಂಡಿರಬೇಕು. ಮನೆಯ ಚೆಂದಕ್ಕಾಗಿ ಮನುಷ್ಯರು ಚಳಿಯಲ್ಲಿ ಸಾಯಬೇಕೆಂದು ನಾನು ವಾದಿಸುವುದಿಲ್ಲ.

ನನ್ನ ಜಗಳ ಮಾರಿದ್ದರ ಮೇಲಲ್ಲ, ಮಾರಿದ ಮೇಲೆ ಬೆಳೆದ ಭಕ್ತಿಯ ಮೇಲೆ. ಮನೆ ಕೆಲಸದಲ್ಲಿದ್ದಷ್ಟು ಕಾಲ ಅದು ಹೊರೆ. ಕೆಲಸ ಹೋದೊಡನೆ ಅದು ಪರಂಪರೆ! ಇದ್ದಾಗ ಇರಿದು, ಸತ್ತ ಮೇಲೆ ಶ್ರಾದ್ಧ ಮಾಡಿದಂತೆ. ‘ಓಲ್ಡ್’ ಎಂಬ ಒಂದು ಮಾತು ಸೇರಿದ ಕೂಡಲೆ ಬೆಲೆ ಏರುತ್ತದೆ. ಜಾಹೀರಾತಿನಲ್ಲಿ ಇಟ್ಟಿಗೆಯ ಬಣ್ಣವಿರುತ್ತದೆ, ತೋಟವಿರುತ್ತದೆ, ಪಕ್ಕದ ಚರ್ಚಿನ ನೋಟವಿರುತ್ತದೆ. ಆ ಬಾಗಿಲನ್ನು ಯಾರು ತಟ್ಟುತ್ತಿದ್ದರೆಂಬ ಮಾತು ಮಾತ್ರ ಇರುವುದಿಲ್ಲ. 1940ರ ದಶಕದ ಕಾಯಿದೆಗಳಿಂದ ಹಳೆಯ ಕಟ್ಟಡಗಳನ್ನು ಪಟ್ಟಿಮಾಡಿ ಕಾಯುವ ಪದ್ಧತಿ ಬಂದಿದೆ. ಅದು ಬಹು ಒಳ್ಳೆಯ ಪದ್ಧತಿ. ಪಟ್ಟಿಗೆ ಸೇರಿದ ಮನೆಯ ಗೋಡೆ ಕೆಡವಬೇಕಾದರೆ, ಒಳಗಿನ ಮೆಟ್ಟಿಲು ಕೀಳಬೇಕಾದರೆ ಅನುಮತಿ ಬೇಕು. ಆದರೆ ಕಾಯಿದೆ ಇಟ್ಟಿಗೆಯನ್ನು ಕಾಯಬಲ್ಲುದು, ಅತಿಥಿಯನ್ನು ಕಾಯಲಾರದು. ಬಾಗಿಲು ಹಾಗೆಯೇ ಇರಬೇಕೆಂದು ಹೇಳಬಲ್ಲುದು, ತೆರೆದಿರಬೇಕೆಂದು ಹೇಳಲಾರದು. ಇದು ಕಾಯಿದೆಯ ದೋಷವಲ್ಲ. ಕಾಯಿದೆಯಿಂದ ವಾಸ್ತುಶಿಲ್ಪವೆಲ್ಲ ಉಳಿಯಿತೆಂದು ನೆಮ್ಮದಿಯಾಗಿ ಮಲಗುವವರ ದೋಷ.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯೊಂದಿದೆ. ನನ್ನ ಪಕ್ಷದ ಮುಖ್ಯ ಸಾಕ್ಷಿ ಅದೇ. ಚರ್ಚ್ ಕಮಿಷನರುಗಳು ಹೊಸ ಪಾದ್ರಿಮನೆಗಳು ಹೇಗಿರಬೇಕೆಂದು ಒಂದು ಮಾರ್ಗದರ್ಶಿಯನ್ನು ಹೊರಡಿಸಿದ್ದಾರೆ. ‘ಗ್ರೀನ್ ಗೈಡ್’ ಎಂದು ಅದಕ್ಕೆ ರೂಢಿಯ ಹೆಸರು. ಅದರಲ್ಲಿ ಕಮಾನಿನ ಮಾತಿಲ್ಲ, ಕಡಿದಾದ ಮಾಡಿನ ಹಂಬಲವಿಲ್ಲ. ಆದರೆ ಪಾದ್ರಿಯ ಓದುವ ಕೋಣೆ ಮುಂಬಾಗಿಲ ಬಳಿಯೇ ಇರಬೇಕು, ಬಂದವರು ಸಂಸಾರದ ಕೋಣೆಗಳನ್ನು ಹಾಯದೆ ಅಲ್ಲಿಗೆ ಹೋಗುವಂತಿರಬೇಕು ಎಂಬ ನಿಯಮ ಸ್ಪಷ್ಟವಾಗಿದೆ. ನೋಡಿದಿರಾ? ಇಟ್ಟಿಗೆಯನ್ನು ಮಾರಿದವರು ನಕ್ಷೆಯನ್ನು ಮಾರಲಾಗಲಿಲ್ಲ. ಕೆಲಸ ಉಳಿದಷ್ಟು ಕಾಲ ಆ ಕೋಣೆಯೂ ಉಳಿಯಬೇಕಾಯಿತು. ಹಳೆಯ ಪಾದ್ರಿಮನೆಯ ಜೀವ ಹೊಸದಾಗಿ ಎದ್ದ, ಯಾರೂ ಚಿತ್ರ ತೆಗೆಯದ ಸಾಧಾರಣ ಮನೆಯೊಳಕ್ಕೆ ಸರಿದುಹೋಗಿದೆ. ಹಳೆಯ ಮನೆಯಲ್ಲಿ ಉಳಿದಿರುವುದು ಅದರ ಅಂದವಾದ ಶರೀರ.

ಆದ್ದರಿಂದ ನನ್ನ ಬೇಡಿಕೆಗಳು ದೊಡ್ಡವಲ್ಲ. ಆಧುನಿಕ ಮನೆಯ ಚರಿತ್ರೆ ಬರೆಯುವವರು ಅಧ್ಯಾಯವನ್ನು 1859ರ ಬೆಕ್ಸ್‌ಲಿಹೀತ್‌ನಿಂದಲ್ಲ, 1854ರ ಕೋವಿಕ್, ಪಾಲಿಂಗ್‌ಟನ್, ಹೆನ್ಸಲ್‌ಗಳಿಂದ ಆರಂಭಿಸಲಿ. ವೆಬ್‌ನ ಗೌರವಕ್ಕೆ ಇದರಿಂದ ಕುಂದಿಲ್ಲ. ಗುರುಗಳ ಹೆಸರು ಹೇಳಿದರೆ ಶಿಷ್ಯನ ಮಾನ ಹೋಗುವುದಿಲ್ಲ. ಇಟ್ಟಿಗೆಯ ಬಣ್ಣಕ್ಕೆ ಮರುಳಾಗುವವರು, ಆ ಬಣ್ಣದ ಹಿಂದೆ ಆವಿಗೆಯ ಕೂಲಿಯವನೂ ದಶಮಾಂಶ ತೆತ್ತ ರೈತನೂ ನಿಂತಿದ್ದಾರೆಂಬುದನ್ನು ನೆನೆಯಲಿ. ಅಂಥ ಮನೆಗಳನ್ನು ಕೊಂಡವರು, ಗೋಡೆಗೆ ಹೊಸ ಗಾರೆ ತುಂಬುವಾಗ ತೋರುವ ಶ್ರದ್ಧೆಯಲ್ಲಿ ಒಂದು ಪಾಲನ್ನು ಊರಿನ ಕಡೆಗೂ ತೋರಲಿ. ವರ್ಷಕ್ಕೆ ನಾಲ್ಕು ದಿನವಾದರೂ ಆ ಓದುವ ಕೋಣೆ ಊರವರ ಉಪಯೋಗಕ್ಕೆ ಒದಗಲಿ. ಕಾನೂನು ಇದನ್ನು ಕೇಳಲಾರದು. ಮನೆಯ ನಕ್ಷೆ ಮಾತ್ರ ನೂರೆಪ್ಪತ್ತು ವರ್ಷಗಳಿಂದ ಇದನ್ನೇ ಕೇಳುತ್ತಿದೆ.